ಬರೆಗೂ ಸೂಜಿಗೂ ನಡುವೆ

ಮಾದಿಹಳ್ಳಿಯಲ್ಲಿ ಬಸ್ಸಿಳಿಯುವಾಗಲೇ ನಾಯಿ ಚೀರುವುದು ಕೇಳಿಸಿತು. ಬೇಲೂರಿನ ಕಾಲೇಜು ಮುಗಿಸಿ ಬರುತ್ತಿದ್ದವಳು ಪುಸ್ತಕಗಳನ್ನು ಅಲ್ಲೇ ಎಸೆದು ಓಡಿದೆ. ಹಿತ್ತಲಲ್ಲಿ ಪಕ್ಕದ ಮನೆಯ ಅಣ್ಣ ನನ್ನ ಹೆಣ್ಣುನಾಯಿಯ ಮೇಲೆ ಗೋಣಿಚೀಲ ಹಾಕಿ ಅದುಮಿ ಕೂತಿದ್ದ. ಅಪ್ಪ ಕಾದ ಕುಡುಗೋಲನ್ನು ಅದರ ಬಾಲದಡಿಯ ಗಡ್ಡೆಗೆ ಒತ್ತುತ್ತಿದ್ದ. ಎತ್ತುಗಳಿಗೆ ಬರೆ ಹಾಕುವುದರಲ್ಲಿ ಅಪ್ಪ ಊರಿಗೇ ಹೆಸರುವಾಸಿ. ಎತ್ತಿನ ಬಾವು ಇಳಿಯುವುದಾದರೆ ನಾಯಿಯ ಗಡ್ಡೆಯೂ ಇಳಿಯಬೇಕು ಎಂದುಕೊಂಡಿದ್ದ.

ನಾನು ಅವನ ತೋಳಿಗೆ ಜೋತುಬಿದ್ದೆ. ಕುಡುಗೋಲು ನನ್ನ ಮೊಣಕೈಯನ್ನೂ ಸುಟ್ಟಿತು. ಎಳೆದಾಟದಲ್ಲಿ ಚೀಲ ಸರಿದದ್ದೇ ತಡ, ನಾಯಿ ಅಪ್ಪನ ಅಂಗೈಗೆ ಬಾಯಿ ಹಾಕಿತು, ಎಲುಬು ಕಾಣುವವರೆಗೂ ಬಿಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಈಗಲೂ ಹಾಗೇ ಅನ್ನುತ್ತೇನೆ.

ಅಪ್ಪ ಕಲ್ಲೆತ್ತಿದ. ಪಕ್ಕದ ಮನೆಯ ಅಣ್ಣ ತಡೆದ. "ಹೊಡೀಬೇಡಿ. ಕಚ್ಚಿದ ನಾಯಿನ ಹತ್ತು ದಿನ ನೋಡ್ಬೇಕು. ಅದಾಗೇ ಸತ್ರೆ ಹುಚ್ಚು ಅಂತ ಅರ್ಥ. ನೀವೇ ಸಾಯ್ಸಿದ್ರೆ ಹೆಂಗೆ ಗೊತ್ತಾಗ್ತದೆ?"

"ಹತ್ತು ದಿನ ಕಳೀಲಿ," ಎಂದ ಅಪ್ಪ. "ಅನ್ನ ಹಾಕ್ದೋನ ಕೈ ಕಚ್ಚಿದ್ದು ಈ ಮನೇಲಿ ಇರಾಕಿಲ್ಲ."

ಮರುದಿನ ಹಾಲಿನ ವ್ಯಾನಿನಲ್ಲಿ ನಾಯಿಯನ್ನು ಬೇಲೂರಿಗೆ ಹೊತ್ತೊಯ್ದೆ. ದನದ ಡಾಕ್ಟರು ಸುಟ್ಟ ಗಡ್ಡೆ ನೋಡಿ ನನ್ನನ್ನೇ ಬೈದರು. "ಇದು ಕ್ಯಾನ್ಸರ್ ಕಣಮ್ಮ, ಬರೆಗೆ ಹೋಗಲ್ಲ. ವಾರಕ್ಕೊಂದು ಸೂಜಿ ಕೊಟ್ರೆ ಕರಗಬಹುದು. ಔಷಧಿ ಬಲು ಕಟು, ಕೆಲವು ನಾಯಿ ತಡ್ಕೊಳ್ಳಲ್ಲ. ಹಂಗೇ ಬಿಟ್ರೆ ರಕ್ತ ಹೋಗಿ ಸಾಯುತ್ತೆ. ಏನ್ಮಾಡೋಣ ಹೇಳು."

"ಕೊಡಿ," ಎಂದೆ.

ಸಂಜೆ ಅಪ್ಪ ಕೆನ್ನೆಗೆ ಬಾರಿಸಿದ. "ಆ ಸೂಜಿಗೆ ಅದು ಸತ್ರೆ ನಂಗೆ ಹುಚ್ಚು ಹತ್ತದೋ ಇಲ್ವೋ ಅಂತ ಯಾರನ್ನ ಕೇಳ್ಲೇ?" ನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಕಾಲ ಅದು. ಅಪ್ಪ ದಿನಾ ಚುಚ್ಚಿಸಿಕೊಂಡು ಬಂದು ಜಗುಲಿಯಲ್ಲಿ ನರಳುತ್ತಿದ್ದ, ಪಕ್ಕದಲ್ಲೇ ನಾಯಿಯೂ ನರಳುತ್ತಿತ್ತು. ಅದೆಲ್ಲಿ ಸತ್ತುಹೋಗುತ್ತದೋ ಎಂಬ ಹೆದರಿಕೆಗೆ ತಾನೇ ಮುದ್ದೆಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸಿದ. ವಾಂತಿ ಮಾಡಿದರೆ ಬಾಯಿ ಒರೆಸಿ ಮತ್ತೆ ತಿನ್ನಿಸಿದ. ನನ್ನನ್ನೂ ಅಷ್ಟು ಜೋಪಾನವಾಗಿ ಸಾಕಿರಲಿಲ್ಲ, ಪುಣ್ಯಾತ್ಮ.

ಅದರ ಮೂತಿಗೆ ಬಟ್ಟೆ ಬಿಗಿದು, ಕಾಲು ಹಿಡಿದು ಚುಚ್ಚಿಸುತ್ತಿದ್ದವಳು ನಾನು. ಎರಡನೇ ಸೂಜಿಗೆ ರಕ್ತ ನಿಂತಿತು, ಗಡ್ಡೆ ಅರ್ಧಕ್ಕಿಳಿಯಿತು. ಖುಷಿಗೆ ಅತ್ತುಬಿಟ್ಟೆ. ಆದರೆ ನಾನು ಹತ್ತಿರ ಹೋದರೆ ಗೋದಲಿಯ ಹಿಂದೆ ಅಡಗುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ನಿಂತು ಅದನ್ನು ಕರೆಯುತ್ತಿದ್ದ. ಕೈಯಲ್ಲಿ ಎಂದಿನ ಮುದ್ದೆಯ ಬಟ್ಟಲಿಲ್ಲ. ಬೆನ್ನ ಹಿಂದೆ ಹಿಡಿದಿದ್ದ ಗುದ್ದಲಿಕಾವು ಅಡುಗೆಮನೆಯ ಕಿಟಕಿಯಿಂದ ಕಂಡಿತು. ನಾನೂ ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ನಾಯಿ ನನ್ನ ಕಡೆ ತಿರುಗಿ ನೋಡಿತು, ಕಿವಿ ಮಡಿಸಿತು, ಅಪ್ಪನ ಹತ್ತಿರ ಓಡಿತು.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವನು ಮತ್ತೆ ಕೈಯೆತ್ತಿದ್ದ. ಮೊದಲ ಏಟಿಗೆ ಅದು ಸತ್ತಿರಲಿಲ್ಲ. ನನ್ನನ್ನು ಕಂಡು ಅವನ ಕಾಲಸಂದಿಗೆ ತೆವಳುತ್ತಿತ್ತು.