ದೋಣಿಯ ಹೆಸರಿಗೆ ಉಳಿದ ಮೂರು ದಿನ

ರೂಲಿಯ ವಿಷಯ ಹೇಳಬೇಕೆಂದರೆ ಮೊದಲು ಅವಳ ಜಂಭದಿಂದಲೇ ಶುರು ಮಾಡಬೇಕು. ಮೂವತ್ತೊಂದು ವರ್ಷ ಸೈಕಲ್ ಮೇಲೆ ಅಂಚೆ ಹಂಚಿ ನಿವೃತ್ತಳಾದವಳು. ಒಂದು ಕಾಗದವೂ ತಪ್ಪು ಮನೆಗೆ ಹೋಗಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದಳು. ಅದು ನಿಜವೂ ಆಗಿದ್ದರಿಂದ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅರವತ್ತಾರರ ವಯಸ್ಸಿನಲ್ಲಿ ಅವಳು ಫೆಖ್ಟ್ ಹೊಳೆಯ ಸೈಕಲ್ ದೋಣಿ ಸಂಘದ ಕಾರ್ಯದರ್ಶಿ. ಊರವರೇ ಸಂಬಳವಿಲ್ಲದೆ ಪಾಳಿ ಹಾಕಿಕೊಂಡು ಮೇ ತಿಂಗಳಿಂದ ಚಳಿ ಬೀಳುವವರೆಗೆ ನಡೆಸುವ, ಸೈಕಲ್ ಸವಾರರನ್ನು ಹೊಳೆ ದಾಟಿಸುವ ದೋಣಿ ಅದು. ಇವತ್ತು ದೋಣಿ ಇದೆಯೋ ಇಲ್ಲವೋ ಎಂದು ಬೆಳಿಗ್ಗೆ ಎಂಟಕ್ಕೆ ವೆಬ್‌ಸೈಟಿನಲ್ಲಿ ಹಾಕುವವಳು ರೂಲಿ. ಆ ವೆಬ್‌ಸೈಟಿನ ಹೆಸರು ದೋಣಿಯ ಎರಡೂ ಮಗ್ಗುಲಿಗೆ ಬಿಳಿ ಬಣ್ಣದಲ್ಲಿ ಬರೆದಿದೆ, ಸೀಮೆಯ ಸೈಕಲ್ ನಕಾಶೆಗಳಲ್ಲೆಲ್ಲ ಅಚ್ಚಾಗಿದೆ.

ಆ ಹೆಸರನ್ನು ವರ್ಷಕ್ಕೊಮ್ಮೆ, ಮಾರ್ಚ್ ಹತ್ತೊಂಬತ್ತರೊಳಗೆ ದುಡ್ಡು ಕಟ್ಟಿ ನವೀಕರಿಸಬೇಕು. ರೂಲಿ ಆ ದಿನವನ್ನು ಬರೆದಿಟ್ಟಿದ್ದು ಪಾಯಿಖಾನೆಯ ಗೋಡೆಯ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ. ಆ ಸೀಮೆಯ ಮನೆಗಳಲ್ಲಿ ನೆಂಟರಿಷ್ಟರ ಹುಟ್ಟುಹಬ್ಬಗಳೆಲ್ಲ ಅಲ್ಲೇ ತಾನೆ ಇರುವುದು! ದಿನಾ ಕೂತಲ್ಲೇ ಕಣ್ಣಿಗೆ ಬೀಳುತ್ತದೆ, ಮರೆಯುವ ಮಾತೇ ಇಲ್ಲ. ಅಕ್ಕನ ಹೆಸರಿಗೂ ಅಳಿಯನ ಹೆಸರಿಗೂ ನಡುವೆ ಕೆಂಪು ಶಾಯಿಯಲ್ಲಿ ‘ದೋಣಿ’ ಎಂದಿತ್ತು. ಏಳು ವರ್ಷ ಒಂದು ದಿನವೂ ತಪ್ಪಲಿಲ್ಲ. ಎಂಟನೆಯ ವರ್ಷದ ಮಾರ್ಚಿನಲ್ಲಿ ಪಾಯಿಖಾನೆಗೆ ಹೊಸ ಟೈಲ್ಸ್ ಹಾಕಿಸಿದಳು. ಕ್ಯಾಲೆಂಡರ್ ಮೂರು ವಾರ ಬೀರುವಿನ ಮೇಲೆ ಬಿದ್ದುಕೊಂಡಿತ್ತು. ಮತ್ತೆ ಮೊಳೆಗೆ ಹಾಕುವಾಗ ಏಪ್ರಿಲ್ ಪುಟ ತಿರುಗಿಸಿಯೇ ಹಾಕಿದಳು.

ಏಪ್ರಿಲ್ ಇಪ್ಪತ್ತೈದರ ಬೆಳಿಗ್ಗೆ, ಮೇ ಒಂದರಿಂದ ದೋಣಿ ಶುರು ಎಂದು ಹಾಕಲು ಕೂತರೆ ಪುಟವೇ ತೆರೆಯಲಿಲ್ಲ. ಹೆಸರು ಕೊಡುವ ಕಂಪನಿಗೆ ಫೋನ್ ಮಾಡಿದಳು.

“ನಿಮ್ಮ ಸೈಟಿನ ಹೆಸರನ್ನ ತಡೆಹಿಡಿದಿದ್ದಾರೆ ಮೇಡಂ,” ಎಂದಳು ಆ ಕಡೆಯ ಹುಡುಗಿ. “ನಲವತ್ತು ದಿನ ಹಾಗೇ ಇರುತ್ತೆ. ಮೂವತ್ತೇಳು ಆಗೋಯ್ತು. ಅಷ್ಟರೊಳಗೆ ಹೆಸರಿನ ಮಾಲೀಕರು ಕೇಳಿದ್ರೆ ವಾಪಸ್. ಆಮೇಲೆ ಯಾರು ಮೊದಲು ಬಂದ್ರೆ ಅವರಿಗೆ. ಜೂಜಿನ ಸೈಟಿನವರು ಕಾಯ್ತಾನೇ ಇರ್ತಾರೆ.”

“ಮಾಲೀಕಳು ನಾನೇ ಮಾತಾಡ್ತಿರೋದು, ಹೇಳಿ.”

“ಇಲ್ಲಿ ಹಾರ್ಮ್ ವೋಲ್ಬಿಂಕ್ ಅಂತಿದೆ. ನೆನಪಿನ ಪತ್ರಗಳೂ ಅವರ ಇಮೇಲಿಗೇ ಹೋಗಿವೆ. ಒಂದೂ ತಲುಪಿಲ್ಲ, ಎಲ್ಲಾ ವಾಪಸ್ ಬಂದಿವೆ. ಅವರ ಸಹಿ ಬೇಕು.”

ಹಾರ್ಮ್! ಎಪ್ಪತ್ತೊಂಬತ್ತರ ಬಡಗಿ. ದೋಣಿ ಕಟ್ಟಿದವನು, ಮೊದಲ ಕಾರ್ಯದರ್ಶಿ, ಇಪ್ಪತ್ತು ವರ್ಷ ದೋಣಿಯನ್ನು ಹಗ್ಗ ಹಿಡಿದು ಕೈಯಲ್ಲೇ ಎಳೆದವನು. ಮೂರು ವರ್ಷದ ಹಿಂದೆ ರೂಲಿ ಸಭೆಯಲ್ಲಿ ಮತ ಹಾಕಿಸಿ ದೋಣಿಗೆ ಮೋಟಾರ್ ಕೂರಿಸಿದಾಗ ದೋಣಿಯ ಬೀಗದ ಕೈ ಮೇಜಿನ ಮೇಲೆ ಎಸೆದು ಹೋಗಿದ್ದ. ಅವತ್ತಿನಿಂದ ಸಂತೆಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸಿ ಅಂಗಡಿಯ ಚೀಸ್ ನೋಡುತ್ತ ನಿಲ್ಲುತ್ತಿದ್ದರು.

ಮುಂಚೆ ಹೇಳದೆ ಒಬ್ಬರ ಮನೆಗೆ ಹೋಗುವುದು ಆ ಕಡೆ ಮರ್ಯಾದೆಯಲ್ಲ. ರೂಲಿ ಹೋದಳು. ಹಾರ್ಮ್ ಕಾಫಿ ಕೊಟ್ಟ, ಬಿಸ್ಕತ್ತು ಕೊಡಲಿಲ್ಲ. ಅವಳು ಪಾಯಿಖಾನೆ, ಟೈಲ್ಸ್ ಒಂದನ್ನೂ ಬಿಡದೆ ಹೇಳಿದಳು. ನಗುವಿಗೆ ಅವನ ಭುಜ ಕುಣಿಯತೊಡಗಿತು.

“ಒಂದು ಕಾಗದಾನೂ ತಪ್ಪಿಸದ ಮಹಾರಾಣಿ!”

“ನಗು, ನಗು. ತಪ್ಪು ನಂದೇ. ಕ್ಷಮೆ ಕೇಳ್ತಿದ್ದೀನಿ.”

“ಮೋಟಾರ್ ಕಿತ್ತು ಹಾಕು, ಸಹಿ ಹಾಕ್ತೀನಿ.”

“ಕೀಳಲ್ಲ,” ಎಂದಳು ಕಡ್ಡಿ ಮುರಿದಂತೆ. “ಮರೆತಿದ್ದಕ್ಕೆ ಕ್ಷಮೆ. ಮೋಟಾರಿಗಲ್ಲ. ಆ ಮೋಟಾರ್ ಇರೋದಕ್ಕೇ ಮುದುಕೀರೂ ಪಾಳಿ ತಗೊಳ್ತಿದ್ದಾರೆ. ನೀನು ಸಹಿ ಹಾಕ್ದೆ ಇದ್ರೆ ನೀನು ಕಟ್ಟಿದ ದೋಣಿ ಮೈಮೇಲೆ ಜೂಜುಕೋರರ ವಿಳಾಸ ಓಡಾಡುತ್ತೆ. ನಿನಗೆ ಬಿಟ್ಟಿದ್ದು.”

ಹಾರ್ಮ್ ಕನ್ನಡಕ ಹುಡುಕಿ ಸಹಿ ಹಾಕಿದ. ರೂಲಿ ಎರಡನೆಯ ಹಾಳೆ ಮುಂದಿಟ್ಟಳು: ಹೆಸರನ್ನು ಸಂಘಕ್ಕೆ ವರ್ಗಾಯಿಸುವ ಹಾಳೆ.

“ಇದ್ಯಾಕೆ? ನನ್ನ ಹೆಸರಲ್ಲೇ ಇರ್ಲಿ.”

“ನೀನು ಸತ್ರೆ ಸಹಿ ಯಾರು ಹಾಕ್ತಾರೆ?”

“ಥೂ, ನಿನ್ನ ಬಾಯಿಗಿಷ್ಟು!” ಎಂದ. ಆದರೂ ಮಾತು ಸರಿ ಎನ್ನಿಸಿತೇನೋ, ಅದಕ್ಕೂ ಹಾಕಿದ. ಪೆನ್ನು ಕೆಳಗಿಟ್ಟು, “ಅಲ್ಲಿಗೆ ದೋಣೀಲಿ ನಂದು ಅಂತ ಏನೂ ಉಳೀಲಿಲ್ಲ,” ಎಂದ.

ರೂಲಿ ಹಾಳೆಯನ್ನು ಮತ್ತೆ ಎಳೆದುಕೊಂಡಳು. ನೆನಪಿನ ಪತ್ರ ಯಾರಿಗೆ ಕಳಿಸಬೇಕು ಎಂಬ ಜಾಗ ಖಾಲಿ ಇತ್ತು. ಅಲ್ಲಿ ‘ಹಾರ್ಮ್ ವೋಲ್ಬಿಂಕ್’ ಎಂದು ಬರೆದಳು.

“ಈಗಿನ ಇಮೇಲ್ ಹೇಳು. ಪ್ರತಿ ವರ್ಷ ಪತ್ರ ನಿನಗೇ ಬರುತ್ತೆ. ನನಗೆ ನೆನಪಿಸೋದು ಇನ್ಮೇಲೆ ನಿನ್ನ ಕೆಲಸ.”

ಮೂವತ್ತೊಂಬತ್ತನೆಯ ದಿನ ಹೆಸರು ವಾಪಸು ಬಂತು. ಮೇ ಒಂದರಂದು ದೋಣಿ ನೀರಿಗಿಳಿಯಿತು. ಮುಂದಿನ ವರ್ಷ ಮಾರ್ಚ್ ಒಂದಕ್ಕೆ ಬೆಳಿಗ್ಗೆ ಏಳಕ್ಕೇ ಫೋನ್: “ಮಹಾರಾಣಿ, ಎದ್ದೆಯಾ? ಪತ್ರ ಬಂದಿದೆ.” ಮಾರನೆಯ ದಿನ, ರಸೀದಿ ಎಲ್ಲಿ ಎಂದು ಇನ್ನೊಂದು ಫೋನ್. ಪ್ರಾಣ ತಿನ್ನುತ್ತಾನೆ ಎಂದು ರೂಲಿ ಊರೆಲ್ಲ ಹೇಳಿಕೊಂಡು ಓಡಾಡಿದಳು, ಖುಷಿಯಿಂದಲೇ. ಎರಡನೆಯ ವರ್ಷವೂ ಹಾಗೇ ಆಯಿತು.

ಮೂರನೆಯ ವರ್ಷ ಮಾರ್ಚ್ ಒಂದರಂದು ಫೋನ್ ಬರಲಿಲ್ಲ. ಏಳಾಯಿತು, ಎಂಟಾಯಿತು. ರೂಲಿ ಕಂಪ್ಯೂಟರ್ ತೆರೆಯಲಿಲ್ಲ, ಕೋಟು ಸಿಕ್ಕಿಸಿಕೊಂಡು ಸೈಕಲ್ ಹತ್ತಿದಳು. ಎದುರುಗಾಳಿಯಲ್ಲಿ ತುಳಿದು ಏದುಸಿರು ಬಿಡುತ್ತ ಬಾಗಿಲು ಬಡಿದಳು. ಬಡಿದಳು, ಮತ್ತೆ ಬಡಿದಳು.

ಹಾರ್ಮ್ ಕಾಲುಚೀಲದಲ್ಲೇ ಬಂದು ಬಾಗಿಲು ತೆಗೆದ. ಅವಳ ಮುಖ ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

“ಬದುಕಿದ್ದೀನಿ ಕಣೆ,” ಎಂದ. “ನಾನು ನೆನಪಿಸದೆ ಇದ್ರೆ ಏನು ಮಾಡ್ತೀಯ ನೋಡೋಣ ಅಂತ ಸುಮ್ನಿದ್ದೆ. ದುಡ್ಡು ಕಟ್ಟಿದೆಯಾ?”

ಕಟ್ಟಿರಲಿಲ್ಲ. ಅದು ಅವಳ ತಲೆಗೇ ಬಂದಿರಲಿಲ್ಲ.