ಕಡ್ಡಿಯಲ್ಲಿ ಅಳೆದು ತಂದ ಮೋಟಾರು

ನನ್ನ ತಂಗಿಯ ಎಲೆಕ್ಟ್ರಿಕ್ ಕಾರು ನಿಂತು ಎಂಟು ತಿಂಗಳಾಯಿತು. ಅರಸೀಕೆರೆಯ ನಮ್ಮ ಮನೆ ಹಿಂದೆ ಟಾರ್ಪಾಲು ಹೊದ್ದುಕೊಂಡಿದೆ. ಬೆಳಿಗ್ಗೆ ಮುಖ ತೊಳೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಗುಜರಿಯವನು ಮೋಸ ಮಾಡಿದ ಎಂದು ಮನೆಯಲ್ಲಿ ಹೇಳಿದ್ದೆ. ಅದು ಸುಳ್ಳು. ಆ ಸುಳ್ಳನ್ನು ಹೊತ್ತು ಹೊತ್ತು ಸಾಕಾಗಿತ್ತು.

ಸೆಕೆಂಡ್ ಹ್ಯಾಂಡ್ ಕಾರು ಅದು. ಸ್ಟೇಷನ್ನಿನಲ್ಲಿ ರೈಲು ಇಳಿದವರಿಗೆ ಹಳೇಬೀಡು, ಬೇಲೂರು ತೋರಿಸಿ ಸಂಜೆಗೆ ತಂದು ಬಿಡುವುದು ಅವಳ ಕೆಲಸ. ಬೇಲೂರಿನ ಒಂದು ಲಾಡ್ಜಿನವರು ತಮ್ಮ ಗಿರಾಕಿಗಳನ್ನೂ ಅವಳಿಗೇ ಒಪ್ಪಿಸುತ್ತಿದ್ದರು. ಮೋಟಾರು ಸುಟ್ಟುಹೋದಾಗ, ಸೋಮವಾರದೊಳಗೆ ಗಾಡಿ ಓಡದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಹೊಸ ಮೋಟಾರು ನಮ್ಮ ಕೈಗೆ ಎಟುಕುವಂಥದ್ದಲ್ಲ. ಬೇಲೂರಿನ ಹೊರಗಿನ ಗುಜರಿಯಲ್ಲಿ ಅದೇ ಕಂಪನಿಯ, ಅಪಘಾತವಾದ ಎರಡು ಕಾರು ಬಿಚ್ಚಿದ್ದಾರೆ ಎಂದು ಮೆಕ್ಯಾನಿಕ್ ಹೇಳಿದ. ತಂಗಿಗೆ ಜ್ವರ. ನಾನು ಹೊರಟೆ.

ಅವಳು ಮಲಗಿದ್ದಲ್ಲಿಂದಲೇ ನಂಬರ್ ಬರೆದ ಚೀಟಿ ಕೊಟ್ಟಳು. "ಅಣ್ಣ, ಮೋಟ್ರಿಗೆ ಹೊಡ್ದಿರೋ ತಗಡಲ್ಲಿ ನಂಬರ್ ಇರ್ತೈತೆ. ಇದಕ್ಕೂ ಅದಕ್ಕೂ ಒಂದಕ್ಷರಾನೂ ಹೆಚ್ಚುಕಮ್ಮಿ ಆಗಂಗಿಲ್ಲ. ಫೋಟೋ ಕಳ್ಸು, ನಾನು ಹೂಂ ಅಂದ್ಮೇಲೆ ತಗೋ."

"ಮೂವತ್ತು ವರ್ಷ ಪಂಪ್‌ಸೆಟ್ ಬಿಚ್ಚಿದೋನ್ಗೆ ಮೋಟ್ರು ತೋರಿಸ್ಕೊಡ್ತೀಯೇನೇ?" ಎಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವು ಗುರುತು ಸಿಗುತ್ತವೆ, ಕೆಲವು ಇಲ್ಲ. ತಂಗಿಗೆ ಇದು ಗೊತ್ತು. ಹೊರಗಿನವರಿಗೆ ಗೊತ್ತಾಗದ ಹಾಗೆ ಬದುಕಿದ್ದೇನೆ. ನನ್ನ ಕೆಲಸಕ್ಕೆ ಅದು ಬೇಕಾಗಿಯೂ ಇರಲಿಲ್ಲ. ತೋಟದಲ್ಲಿ ಪಂಪಿನ ಭಾಗ ಕೆಟ್ಟರೆ ತೆಂಗಿನ ಗರಿಯಿಂದ ಒಂದು ಕಡ್ಡಿ ಸೀಳಿ, ಬೋಲ್ಟಿನ ತೂತಿನಿಂದ ತೂತಿಗೆ ಇಟ್ಟು, ಅಷ್ಟಕ್ಕೆ ಮುರಿದುಕೊಳ್ಳುತ್ತೇವೆ. ಅಂಗಡಿಯಲ್ಲಿ ಆ ಕಡ್ಡಿ ಯಾವುದಕ್ಕೆ ಸರಿ ಹೋಗುತ್ತದೋ ಅದನ್ನು ತರುತ್ತೇವೆ. ಯಾವತ್ತೂ ಅದು ಕೈಕೊಟ್ಟಿರಲಿಲ್ಲ. ಅವತ್ತೂ ಸುಟ್ಟ ಮೋಟಾರನ್ನು ಅಳೆದು, ಮೂರು ಕಡ್ಡಿ ಜೇಬಿಗಿಟ್ಟುಕೊಂಡು ಹಾರನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿದೆ.

ಗುಜರಿಯಲ್ಲಿ ಎರಡು ಮೋಟಾರು ಪಕ್ಕಪಕ್ಕ ಇದ್ದವು. ಮೂರೂ ಕಡ್ಡಿ ಎರಡಕ್ಕೂ ಸರಿಹೋದವು.

"ಏನ್ರೀ ಇದು, ಕರೆಂಟ್ ಕಾರಿಗೆ ಪೊರಕೆಕಡ್ಡಿ?" ಗುಜರಿಯಾತ ನಕ್ಕ. "ಇವೆರಡೂ ಬೇರೆ ಬೇರೆ ಕಣ್ರೀ. ನಂಬರ್ ನೋಡ್ಕಳಿ. ಗಾಡಿಗೆ ಏರ್ಸಿದ್ಮೇಲೆ ವಾಪಸ್ ತಗಳಲ್ಲ."

ಸಾಮಾನು ಹುಡುಕಲು ಬಂದಿದ್ದ ಇಬ್ಬರು ನಿಂತು ನೋಡುತ್ತಿದ್ದರು. ಫೋಟೋ ತೆಗೆದು ತಂಗಿಗೆ ಕಳಿಸಿದರೆ ನನಗೆ ಓದಲು ಬರುವುದಿಲ್ಲವೆಂದು ಇವರಿಗೆಲ್ಲ ತಿಳಿದುಬಿಡುತ್ತದೆ ಅನ್ನಿಸಿತು. ಕನ್ನಡಕ ಹಾಕಿಕೊಂಡೆ. ಚೀಟಿಯನ್ನು ತಗಡಿನ ಪಕ್ಕ ಹಿಡಿದು ತುಟಿ ಅಲ್ಲಾಡಿಸಿದೆ. ಎರಡು ಮೋಟಾರಿನಲ್ಲೂ ಮೊದಲ ಅಂಕಿಗಳು ಚೀಟಿಯಲ್ಲಿದ್ದಂತೆಯೇ ಇದ್ದವು. ಕೊನೆಯ ಅಕ್ಷರಗಳ ಮೇಲೆ ಜಿಡ್ಡು ಕೂತಿತ್ತು. ಒರೆಸಲಿಲ್ಲ. ಎರಡರಲ್ಲಿ ಹೊಸದಾಗಿ ಕಂಡದ್ದಕ್ಕೆ ಕೈ ತೋರಿಸಿ, "ಸರಿ ಐತೆ, ಏರ್ಸಿ" ಅಂದೆ.

ಹಳೇಬೀಡಿನಲ್ಲಿ ಲಗೇಜ್ ಆಟೋದವನು ಟೀಗೆ ನಿಲ್ಲಿಸಿದಾಗ ತಂಗಿಯ ಫೋನು ಬಂತು.

"ಫೋಟೋನೇ ಬರ್ಲಿಲ್ವಲ್ಲಣ್ಣ?"

"ನೆಟ್‌ವರ್ಕ್ ಇರ್ಲಿಲ್ಲ ಕಣೇ. ನೋಡ್ದೆ, ಸರಿ ಐತೆ."

ಮೋಟಾರು ನನ್ನ ಬೆನ್ನ ಹಿಂದೆಯೇ ಇತ್ತು. ಆಗಲಾದರೂ ಒಂದು ಫೋಟೋ ತೆಗೆಯಬಹುದಿತ್ತು. ಕೆರೆ ಕಡೆ ನೋಡುತ್ತಾ ಟೀ ಕುಡಿದೆ.

ಭಾನುವಾರ ಮೆಕ್ಯಾನಿಕ್ ಮೋಟಾರು ಕೂರಿಸಿದ. ಬೋಲ್ಟುಗಳೆಲ್ಲ ಸಲೀಸಾಗಿ ಇಳಿದವು. ನಾನು ಎದೆಯುಬ್ಬಿಸಿ ನಿಂತಿದ್ದೆ. ಸ್ವಿಚ್ ಹಾಕಿದರೆ ಕಾರು ಕದಲಲಿಲ್ಲ. ಅವನು ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದ, ಆಮೇಲೆ ತಗಡಿನ ಜಿಡ್ಡು ಒರೆಸಿದ. ಇದು ಹಳೆ ಮಾದರಿಯದು, ಒಳಗಿನ ಸೆನ್ಸರ್ ಬೇರೆ, ಈ ಕಾರಿಗೆ ಹೊಂದುವುದಿಲ್ಲ ಎಂದ.

ಅವನೂ, ಬಾಗಿಲಲ್ಲಿ ನಿಂತಿದ್ದ ತಂಗಿಯೂ ನನ್ನನ್ನು ನೋಡಿದರು. "ಗುಜರಿಯೋನು ಬದ್ಲಾಯಿಸಿ ಏರ್ಸವ್ನೆ" ಅಂದುಬಿಟ್ಟೆ.

ತಂಗಿ ಆ ಜ್ವರದಲ್ಲೇ ಆತನಿಗೆ ಫೋನು ಮಾಡಿದಳು. "ಓದಕ್ ಬರ್ದೋರು ಅಂತ ನಮ್ಮಣ್ಣಂಗೆ ಮೋಸ ಮಾಡ್ತೀಯ? ನಿನ್ ಮನೆ ಉದ್ಧಾರ ಆಗ್ತೈತಾ?" ಎಂದು ಕೂಗಾಡಿದಳು. ಅಷ್ಟರಲ್ಲಿ ಇನ್ನೊಂದು ಮೋಟಾರು ಮಾರಿಹೋಗಿತ್ತು. ಲಾಡ್ಜಿನ ಗಿರಾಕಿಗಳು ಬೇರೆಯವರ ಪಾಲಾದರು. ಈಗ ಅವಳು ಇನ್ನೊಬ್ಬರ ಡೀಸೆಲ್ ವ್ಯಾನು ಓಡಿಸುತ್ತಾಳೆ.

ಮೊನ್ನೆ ಟಾರ್ಪಾಲಿನ ಮೇಲೆ ಬಿದ್ದ ಎಲೆಗಳನ್ನು ಗುಡಿಸುತ್ತಿದ್ದಳು. ತಡೆಯಲಾಗದೆ ಹೇಳಿದೆ. "ಆತ ಬದ್ಲಾಯಿಸ್ಲಿಲ್ಲ ಕಣವ್ವ. ನಾನೇ ನಂಬರ್ ಓದ್ಲಿಲ್ಲ."

ಪೊರಕೆ ನಿಂತಿತು.

"ಒಂದ್ ಫೋಟೋ ಸಾಕಿತ್ತಲ್ಲಣ್ಣ" ಅಂದಳು. ಆಮೇಲೆ, "ಆ ಮನುಷ್ಯನ್ನ ಬಾಯಿಗೆ ಬಂದಂಗೆ ಬೈದ್ನಲ್ಲ ನಾನು. ಮೊದ್ಲು ಅವ್ರಿಗೆ ಹೋಗಿ ಹೇಳ್ಬಾ. ನನ್ ಜೊತೆ ಆಮೇಲೆ ಮಾತಾಡು."

ಮಾರನೆಯ ಬೆಳಿಗ್ಗೆ ಅದೇ ಬಸ್ಸು ಹತ್ತಿದೆ. ಗುಜರಿಯಾತ ದೂರದಿಂದಲೇ ಗುರುತು ಹಿಡಿದ. "ಏನ್ರೀ, ಪೊರಕೆಕಡ್ಡಿ ತಂದಿದ್ದೀರಾ?" ಎಂದ. ಈ ಸಲ ನಗಲಿಲ್ಲ. ಅವತ್ತಿನ ಹಾಗೆಯೇ ಯಾರೋ ಇಬ್ಬರು ಸಾಮಾನು ಹುಡುಕುತ್ತಿದ್ದರು. ನಾನು ಕನ್ನಡಕ ತೆಗೆದು ಜೇಬಿಗಿಟ್ಟು, "ನಂಗೆ ಇಂಗ್ಲಿಷ್ ಓದಕ್ ಬರಲ್ಲ ಸ್ವಾಮಿ" ಎಂದು ಶುರು ಮಾಡಿದೆ.