ನೂರು ಗಜ ದೂರದ ನರಿ

ಕೋವಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ ಹಿನಕಲ್ಲಿನ ನಿವೃತ್ತ ಮೇಷ್ಟ್ರೊಬ್ಬರು ಲೈಸೆನ್ಸ್ ಹಿಡಿದು ಬಂದರು. ಕೋಳಿ ಕದಿಯುವ ನರಿಯನ್ನು ನೂರು ಗಜದಿಂದಲೇ ಉರುಳಿಸುವ ಕಾಡತೂಸು ಬೇಕಂತೆ. ಅಮೆರಿಕದವರ ವಿಡಿಯೊ ನೋಡಿ ಬೇಟೆಯ ವಿದ್ಯೆಯನ್ನೆಲ್ಲ ಕಲಿತು ಮುಗಿಸಿದ್ದರು.

“ಸಾರ್, ನಿಮ್ಮ ಜೋಡಿ ನಳಿಗೆ ಕೋವಿಗೆ ನಲವತ್ತು ಗಜವೇ ಹೆಚ್ಚು. ಅದರಾಚೆ ಕಾಡತೂಸಿನ ಸಣ್ಣ ಚರೆಗಳು ಚದುರಿ, ಪ್ರಾಣಿ ಬರೀ ಗಾಯಗೊಂಡು ನರಳುತ್ತೆ. ಮೇಲಾಗಿ, ನರಿ ಹೊಡೆದ್ರೆ ಜೈಲು.”

“ನಂಗೇ ಪಾಠ ಮಾಡ್ತೀರೇನ್ರೀ?” ಎಂದು ಮೊಬೈಲಿನಲ್ಲಿ ನರಿಯ ಫೋಟೊ ತೋರಿಸಿದರು. ಹಿಗ್ಗಿಸಿ ನೋಡಿದೆ. ಕೊರಳಲ್ಲಿ ಕೆಂಪು ಪಟ್ಟಿಯಿತ್ತು.

“ಇದು ಯಾರೋ ಸಾಕಿದ ನಾಯಿ ಸಾರ್.”

ಮೇಷ್ಟ್ರು ಕನ್ನಡಕ ಏರಿಸಿ ನೋಡಿದವರೇ ಬಿಳಿಚಿಕೊಂಡರು. “ಅಯ್ಯೋ, ನಮ್ಮ ಬೀಗರ ಮನೇದು ಕಣ್ರೀ! ಕೋಳಿ ತಿಂದ್ರೆ ತಿನ್ಲಿ ಬುಡಿ, ಮಗಳು ಅಲ್ಲಿ ಬಾಳ್ಬೇಕು.”

ಬರಿಗೈಲಿ ಹೊರಟೇಬಿಟ್ಟರು. ಬೀಗರ ನಾಯಿಗೆ ಆಗುವಂಥ ಕಾಡತೂಸನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.